ಸಭಾಪಾಲಕಿಯರ ರಿಟ್ರೀಟ್ ನಡೆಸುವುದು ಹೇಗೆ?

ವಾರವಿಡೀ ಬೇರೆಯವರ ಸಂಕಟ ಕೇಳುವ ಸಭಾಪಾಲಕಿಗೂ, ಅಂದರೆ ಚರ್ಚಿನ ಹೆಣ್ಣು ಪಾದ್ರಿಗೂ, ತನ್ನ ಸಂಕಟ ಹೇಳಿಕೊಳ್ಳಲು ಯಾರಾದರೂ ಬೇಕು. ಗಂಡನ ಮುಂದೆ ಎಲ್ಲ ಹೇಳಲಾಗುವುದಿಲ್ಲ, ಅದರಲ್ಲಿ ಸಭೆಯವರ ಗುಟ್ಟಿರುತ್ತದೆ. ಸಭೆಯವರಿಗಂತೂ ಹೇಳುವಂತಿಲ್ಲ. ಮೇಲಿನವರಿಗೆ ಹೇಳೋಣವೆಂದರೆ ಮುಂದಿನ ವರ್ಗಾವಣೆ ನೆನಪಾಗುತ್ತದೆ. ನಾನು ಬಾಗಲಕೋಟೆ ಜಿಲ್ಲೆಯಲ್ಲಿ ಸಭಾಪಾಲಕಿ. ಬೆಳಗಾವಿ, ವಿಜಯಪುರ ಕಡೆಯ ಕೆಲವು ಸಭಾಪಾಲಕಿಯರ ಗೆಳೆತನ ಇಲ್ಲದಿದ್ದರೆ ಈ ಸೇವೆಯಲ್ಲಿ ನಿಲ್ಲುವುದು ನನಗೆ ಬಹಳ ಕಷ್ಟವಾಗುತ್ತಿತ್ತು. ನಾವು ವರ್ಷಕ್ಕೊಮ್ಮೆ ಸಭೆಯ ಕೆಲಸ ಬಿಟ್ಟು ಎರಡು ರಾತ್ರಿ ಪ್ರಾರ್ಥನೆ, ಮಾತಿನಲ್ಲಿ ಒಟ್ಟಿಗೆ ಇರುತ್ತೇವೆ, ಅದೇ ನಮ್ಮ ರಿಟ್ರೀಟ್. ನೀವೂ ಮಾಡಬೇಕೆಂದಿದ್ದರೆ ಹೀಗೆ ಮಾಡಿ.

ಮೊದಲು ಜನ. ನಮ್ಮವರು ಎಲ್ಲೂ ಜಾಸ್ತಿ ಇಲ್ಲ. ಸಿ.ಎಸ್.ಐ. (ಹಲವು ಪ್ರಾಟೆಸ್ಟೆಂಟ್ ಸಭೆಗಳು ಒಂದಾದ ದಕ್ಷಿಣ ಭಾರತ ಸಭೆ) 1947ರಲ್ಲಿ ಹುಟ್ಟಿದರೂ ಅಲ್ಲಿ ಮೊದಲ ಹೆಣ್ಣುಮಗಳಿಗೆ ಪಾದ್ರಿಯಾಗಿ ಅಭಿಷೇಕವಾದದ್ದು 1976ರಲ್ಲಿ. ಮೊದಲ ಮಹಿಳಾ ಬಿಷಪ್ ಬಂದದ್ದು 2013ರಲ್ಲಿ, ಆಂಧ್ರದ ನಂದ್ಯಾಲದಲ್ಲಿ. ಹಾಗಾಗಿ ಒಂದೇ ಜಿಲ್ಲೆಯಲ್ಲಿ ಹುಡುಕಿದರೆ ಸಾಲದು. ಬೆಳಗಾವಿಯಲ್ಲಿ ಇಂಗ್ಲೆಂಡಿನ ಲಂಡನ್ ಮಿಷನ್‌ನವರು 1820ರಲ್ಲಿ ಶುರು ಮಾಡಿದ ಕೆಲಸ ಆಮೇಲೆ ಮೆಥೊಡಿಸ್ಟರೆಂಬ ಇನ್ನೊಂದು ಪ್ರಾಟೆಸ್ಟೆಂಟ್ ಪಂಗಡದ ಕೈಗೆ ಬಂತು. ಗುಳೇದಗುಡ್ಡ, ವಿಜಯಪುರ ಕಡೆಯಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ ಕಟ್ಟಿದ ಸಭೆಗಳು ಸಿ.ಎಸ್.ಐ. ಆದವು. ಕರೆಯುವಾಗ ಮೆಥೊಡಿಸ್ಟ್, ಸಿ.ಎಸ್.ಐ. ಎರಡೂ ಕಡೆಯವರನ್ನು ಕರೆಯಿರಿ. ಬೇರೆ ಸಭೆಯವಳ ಮುಂದೆ ಬಾಯಿ ಬಿಡುವುದು ಸುಲಭ, ಅವಳಿಗೆ ನಿಮ್ಮ ಕಮಿಟಿಯವರ ಪರಿಚಯವೇ ಇರುವುದಿಲ್ಲ.

ಐದಾರು ಜನ ಸಾಕು. ಮೆಥೊಡಿಸ್ಟ್ ಪಂಗಡಕ್ಕೆ ಮೂಲಪುರುಷರಾದ ಇಂಗ್ಲೆಂಡಿನ ಜಾನ್ ವೆಸ್ಲಿಯವರ 'ಕ್ಲಾಸು' ಎಂಬ ಸಣ್ಣ ಗುಂಪುಗಳಲ್ಲಿ ಹನ್ನೆರಡು ಜನ ಇರುತ್ತಿದ್ದರು. 1742ರಲ್ಲಿ ಬ್ರಿಸ್ಟಲ್‌ನಲ್ಲಿ ಅವು ಶುರುವಾದದ್ದು ಕಟ್ಟಡದ ಸಾಲ ತೀರಿಸಲು, ವಾರಕ್ಕೊಂದು ಪೆನ್ನಿ ಕೂಡಿಸಲಿಕ್ಕೆ. ದುಡ್ಡಿಗೆಂದು ಮನೆಮನೆಗೆ ಹೋದವರಿಗೆ ಜನರ ಒಳಗಿನ ಕಷ್ಟ ಕಂಡಿತು, ಆಮೇಲೆ ಅದೇ ಮುಖ್ಯವಾಯಿತು. ಆದರೆ ಅವರು ವಾರವಾರ ಸೇರುತ್ತಿದ್ದರು. ನಮಗಿರುವುದು ಎರಡೇ ರಾತ್ರಿ. ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆಯಾದರೂ ಸಿಗಬೇಕಲ್ವಾ? ಇನ್ನೊಂದು ಮಾತು: ನಿಮ್ಮ ಮೇಲೆ ಅಧಿಕಾರ ಇರುವವರನ್ನು, ಎಷ್ಟೇ ಒಳ್ಳೆಯವರಿರಲಿ, ಈ ಗುಂಪಿಗೆ ಕರೆಯಬೇಡಿ.

ಸೋಮವಾರ ಸಂಜೆ ಸೇರಿ ಬುಧವಾರ ಊಟ ಮಾಡಿ ಹೊರಡಿ. ಶನಿವಾರ ಪ್ರಸಂಗದ (ಭಾನುವಾರದ ಉಪದೇಶದ) ತಯಾರಿ, ಭಾನುವಾರ ಆರಾಧನೆ ಯಾರಿಗೂ ತಪ್ಪುವುದಿಲ್ಲ. ಕ್ರಿಸ್‌ಮಸ್ ಗಡಿಬಿಡಿ ಮುಗಿದು ಲೆಂಟ್ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಇನ್ನೂ ಶುರುವಾಗದ ದಿನಗಳು ಒಳ್ಳೆಯವು. ಏಪ್ರಿಲ್, ಮೇ ಬಿಸಿಲಲ್ಲಿ ನಮ್ಮ ಕಡೆ ಕೂತು ಪ್ರಾರ್ಥನೆ ಮಾಡುವುದು ಕಷ್ಟ. ನಮಗೆ ಬಾದಾಮಿ ಅನುಕೂಲ. ವಿಜಯಪುರದವರು ರೈಲಿಗೆ ನೇರ ಬರುತ್ತಾರೆ, ಬೆಳಗಾವಿಯವರು ಬಸ್ಸಿಗೆ. ಯಾರದೇ ಪಾದ್ರಿ ಬಂಗಲೆಯಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ. ಬಾಗಿಲು ಬಡಿಯುವವರು ಬಂದೇ ಬರುತ್ತಾರೆ, ಆ ಮನೆಯವಳು ಚಹಾ ಮಾಡುವುದರಲ್ಲೇ ಕಳೆದುಹೋಗುತ್ತಾಳೆ.

ಅಡುಗೆಯೂ ನಿಮ್ಮ ಕೈಯಲ್ಲಿ ಬೇಡ. ಹೆಂಗಸರು ಸೇರಿದ ಕಡೆ ಯಾರೋ ಒಬ್ಬಳು ಒಲೆ ಮುಂದೆ ನಿಂತೇಬಿಡುತ್ತಾಳೆ. ದುಡ್ಡು ಕೊಟ್ಟು ರೊಟ್ಟಿ, ಎಣ್ಣೆಗಾಯಿ, ಮೊಸರು ತರಿಸಿ. ಅಮೀನಗಡದ ಕರದಂಟು ಯಾರಾದರೂ ತಂದೇ ತರುತ್ತಾರೆ. ಖರ್ಚು ಸಮನಾಗಿ ಹಂಚಿಕೊಳ್ಳಿ. ಸಂಬಳ ತಡವಾದವಳ ಪಾಲನ್ನು ಉಳಿದವರು ಸುಮ್ನೆ ಹಾಕಿಬಿಡಿ, ಲೆಕ್ಕದ ಚೀಟಿಯಲ್ಲಿ ಹೆಸರು ಬರೆಯಬೇಡಿ.

ಮೊದಲ ಸಂಜೆ ಬೈಬಲಿನ ಲೂಕನ ಸುವಾರ್ತೆ ಮೊದಲ ಅಧ್ಯಾಯ ತೆಗೆಯಿರಿ. ಯೇಸುವಿನ ತಾಯಿ ಮರಿಯಳು ಬೆಟ್ಟದ ಸೀಮೆಗೆ ತನ್ನ ಬಂಧು ಎಲಿಸಬೇತಳ ಮನೆಗೆ ಹೋಗುವ ಭಾಗ. ನಿಧಾನವಾಗಿ ಒಬ್ಬರು ಓದಿ, ಆಮೇಲೆ ಇನ್ನೊಬ್ಬರು. ಯಾರೂ ಪ್ರಸಂಗ ಮಾಡಬಾರದು. ಮನಸ್ಸಿಗೆ ತಾಕಿದ ಒಂದು ಮಾತಷ್ಟೇ ಹೇಳಿ. ಮರಿಯಳು ಅಲ್ಲಿ ಸುಮಾರು ಮೂರು ತಿಂಗಳು ಇದ್ದಳು ಎಂಬುದರ ಹತ್ತಿರ ನಾನು ಪ್ರತಿ ಸಲ ನಿಲ್ಲುತ್ತೇನೆ. ರಾತ್ರಿ ಪ್ರಾರ್ಥನೆಯಿಂದ ಬೆಳಗಿನ ನಾಷ್ಟಾದವರೆಗೆ ಮೌನ. ಫೋನು ಒಂದು ಚೀಲದಲ್ಲಿರಲಿ. ಮನೆಯವರಿಗೆ ಒಂದೇ ನಂಬರು ಕೊಟ್ಟಿರಿ.

ಮಂಗಳವಾರವೇ ನಿಜವಾದ ಕೆಲಸ. ಒಬ್ಬಳು ಇಪ್ಪತ್ತು ನಿಮಿಷ ಮಾತಾಡುತ್ತಾಳೆ. ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ಮುಗಿದ ಮೇಲೆ ಐದು ನಿಮಿಷ ಎಲ್ಲರೂ ಸುಮ್ಮನೆ ಕೂರುತ್ತೇವೆ. ಆಮೇಲೆ ಪ್ರಶ್ನೆ ಕೇಳಬಹುದು, ಬುದ್ಧಿ ಹೇಳಬಾರದು. ನಮಗೆಲ್ಲ ಬುದ್ಧಿ ಹೇಳಿ ರೂಢಿಯಾಗಿರುವುದರಿಂದ ಈ ನಿಯಮ ಪಾಲಿಸುವುದೇ ಎಲ್ಲಕ್ಕಿಂತ ಕಷ್ಟ. ಒಮ್ಮೆ ಒಬ್ಬ ಗೆಳತಿ, ಬೆಳಿಗ್ಗೆ ಒಂದು ಕೂಸನ್ನು ಮಣ್ಣು ಮಾಡಿ ಸಂಜೆ ಅದೇ ಸಭೆಯಲ್ಲಿ ಮದುವೆ ಮಾಡಿಸಿದ ದಿನದ ಬಗ್ಗೆ ಹೇಳಿದಳು. (ಅವಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.) ಬೈಬಲ್ ವಚನ ಹೇಳಿ ಸಮಾಧಾನ ಮಾಡಲು ಎಲ್ಲರಿಗೂ ಬರುತ್ತಿತ್ತು, ಆದರೆ ಯಾರೂ ಹೇಳಲಿಲ್ಲ. ಕೊನೆಗೆ ನಮ್ಮಲ್ಲಿ ಹಿರಿಯರಾದ ಅಕ್ಕ ಕೇಳಿದ್ದು ಇಷ್ಟೇ: "ಅವತ್ತ ರಾತ್ರಿ ಉಂಡಿದ್ಯೇನವ್ವಾ?" ಉಂಡಿರಲಿಲ್ಲ. ಮದುವೆ ಮನೆಯ ಊಟದ ಡಬ್ಬಿ ಹಾಗೇ ಇಟ್ಟಿದ್ದಳಂತೆ. ಅಲ್ಲಿಂದ ಅವಳು ಅತ್ತಳು, ಆಮೇಲೆ ಬಹಳ ಹೊತ್ತು ಮಾತಾಡಿದಳು.

ಕೇಳಿದ್ದು ಅಲ್ಲೇ ಉಳಿಯಬೇಕು. ಗಂಡನಿಗೂ ಹೇಳಬಾರದು, "ಪ್ರಾರ್ಥನೆ ಮಾಡಿ" ಎಂಬ ನೆಪದಲ್ಲೂ ಹೇಳಬಾರದು. ಇದನ್ನು ಮೊದಲ ಸಂಜೆಯೇ ಎಲ್ಲರೂ ಬಾಯಿಬಿಟ್ಟು ಒಪ್ಪಿಕೊಳ್ಳಿ. ಫೋಟೋ, ಬ್ಯಾನರ್, ವರದಿ ಏನೂ ಬೇಡ. ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಅಥವಾ ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಾತ್ರ ಸುಮ್ಮನಿರಬೇಡಿ. ಅವಳ ಜೊತೆಗೇ ಡಾಕ್ಟರ ಹತ್ತಿರ ಹೋಗಿ, ಬೇಕಾದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಬುಧವಾರ ಬೆಳಿಗ್ಗೆ ಕರ್ತನ ಭೋಜನ, ಅಂದರೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ. ಎಲ್ಲರಿಗಿಂತ ಕಿರಿಯಳು ನಡೆಸಲಿ, ತನ್ನ ಸಭೆಯಲ್ಲಿ ಅವಳಿಗೆ ಆ ಅವಕಾಶ ಕಡಿಮೆ ಸಿಗುತ್ತಿರುತ್ತದೆ. ಊಟಕ್ಕೆ ಮೊದಲು ಎರಡೆರಡು ಜನರ ಜೋಡಿ ಮಾಡಿ. ಐದು ಜನ ಇದ್ದರೆ ಒಂದು ಕಡೆ ಮೂವರು. ವಾರಕ್ಕೊಮ್ಮೆ ಫೋನು ಮಾಡಬೇಕು, ಹತ್ತು ನಿಮಿಷವಾದರೂ ಸರಿ. ಒಬ್ಬಳಿಗೆ ದೂರದ ಊರಿಗೆ ವರ್ಗವಾದರೆ ಜೋಡಿ ಬದಲಿಸಬೇಡಿ. ಹೊಸ ಊರಲ್ಲಿ ಮೊದಲ ಆರು ತಿಂಗಳೇ ಅವಳಿಗೆ ಆ ಫೋನು ಬೇಕಾಗುವುದು.