ಸಂಕ್ರಾಂತಿಯ ಬಾಗಿಲಿಗೆ ಹತ್ತಿಯ ಹಾರ

ಧನುರ್ಮಾಸ ಹಿಡಿಯುತ್ತಿದ್ದಂತೆ ನಮ್ಮ ಬೀದಿಯ ಹೊಸ ಸಂಸಾರಗಳೆಲ್ಲ ಪ್ಲಾಸ್ಟಿಕ್ ಚೆಂಡುಹೂವಿನ ಸರಗಳನ್ನು ಕೊಂಡು ತಂದು ಟೇಪಿನಿಂದ ಬಾಗಿಲಿಗೆ ಅಂಟಿಸುವುದನ್ನು ನೋಡಿ ನೋಡಿ ನನಗೆ ಬೇಸರ ಬಂದಿದೆ. ಬೆಂಗಳೂರಿನ ಮಾಗಿಯ ಮಂಜಿಗೆ ಟೇಪಿನ ಒಂದು ತುದಿ ಬಿಟ್ಟುಕೊಳ್ಳುತ್ತದೆ, ಬಿಡದೆ ಉಳಿದ ತುದಿ ಬಾಗಿಲಿನ ಬಣ್ಣವನ್ನೇ ಕಿತ್ತುಕೊಂಡು ಬರುತ್ತದೆ. ಹತ್ತಿ, ಅರಿಸಿನ, ಕುಂಕುಮ, ಹಳೆಯ ಲಗ್ನಪತ್ರಿಕೆ, ಹೂ ಕಟ್ಟುವ ದಾರ ಇವಿಷ್ಟು ಮನೆಯಲ್ಲಿದ್ದರೆ ಮತ್ತೇನನ್ನೂ ಕೊಳ್ಳಬೇಕಾಗಿಲ್ಲ.

ಲಗ್ನಪತ್ರಿಕೆಯ ಕೆಲಸ ಸುಲಭ. ದಪ್ಪ ಕಾಗದವನ್ನು ಮಾವಿನೆಲೆಯ ಆಕಾರಕ್ಕೆ ಕತ್ತರಿಸಿ, ತೊಟ್ಟಿನ ಕಡೆ ಮಡಿಚಿ, ದಾರಕ್ಕೆ ಹೊಲಿದರೆ ತೋರಣವಾಯಿತು. ದೇವರ ಚಿತ್ರವಿರುವ ಭಾಗಕ್ಕೆ ಮಾತ್ರ ಕತ್ತರಿ ಹಾಕಬೇಡಿ.

ಎಲ್ಲರೂ ಕೆಡಿಸುವುದು ಹತ್ತಿಯ ಹಾರವನ್ನು. ದೇವರಿಗೆ ಏರಿಸುವ ಹತ್ತಿಯ ಮಾಲೆ, ಅಂದರೆ ಗೆಜ್ಜೆವಸ್ತ್ರ, ಮಾಡುವ ಕ್ರಮವೇ ಇದಕ್ಕೂ ಸಲ್ಲುತ್ತದೆ, ಹೊಸೆತಗಳ ನಡುವೆ ಉಬ್ಬಿ ನಿಲ್ಲುವ ಮಣಿ ಮಾತ್ರ ದಪ್ಪನಾಗಿರಬೇಕು. ಔಷಧಿ ಅಂಗಡಿಯ ಹತ್ತಿಯನ್ನು ತರಲೇಬೇಡಿ. ನೀರು ಹೀರಲೆಂದು ಅದರ ಸಹಜವಾದ ಮೇಣವನ್ನು ತೆಗೆದಿರುತ್ತಾರೆ, ಹಾಗಾಗಿ ಕುಂಕುಮ ಇಟ್ಟ ಕೂಡಲೇ ಮಣಿಯ ತುಂಬ ಹರಡಿಬಿಡುತ್ತದೆ. ಗ್ರಂಧಿಗೆ ಅಂಗಡಿಯಲ್ಲಿ ಬತ್ತಿಗೆಂದು ಮಾರುವ ಹತ್ತಿಯನ್ನು ತಂದು, ಬೀಜದ ಚೂರು, ಕಸ ಎಲ್ಲ ಆರಿಸಿ, ಬೆಳಕು ಆಚೆಗೆ ಕಾಣುವಷ್ಟು ತೆಳ್ಳಗೆ ಹಿಂಜಿಕೊಳ್ಳಿ. ಚಾಮರಾಜಪೇಟೆಯ ಮನೆಯ ಜಗಲಿಯಲ್ಲಿ ನಮ್ಮಮ್ಮ ಮಧ್ಯಾಹ್ನದ ಹೊತ್ತು ಹಿಂಜಲು ಕೂತರೆ ಮಾತೇ ಆಡುತ್ತಿರಲಿಲ್ಲ, ನಾವು ಹತ್ತಿರ ಸುಳಿದಾಡಿ ಗಾಳಿ ಎಬ್ಬಿಸಿದರೆ ಗದರಿ ಓಡಿಸುತ್ತಿದ್ದರು.

ಹಿಂಜಿದ ಹತ್ತಿಯನ್ನು ಸಡಿಲವಾದ ಎಳೆಯಾಗಿ ಎಳೆದುಕೊಂಡು, ಹಸಿ ಹಾಲಿನ ಬಟ್ಟಲಿಗೆ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯನ್ನಷ್ಟೇ ಮುಟ್ಟಿಸಿ, ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ಹನಿ ಕಳೆದು, ಎಳೆಯನ್ನು ಬಿಗಿಯಾಗಿ ಹೊಸೆಯಿರಿ. ಮಣಿಯಷ್ಟು ಜಾಗ ಬಿಟ್ಟು ಮತ್ತೆ ಹೊಸೆಯಿರಿ. ನಡುವೆ ಉಳಿದ ಹತ್ತಿ ತಾನಾಗಿ ಉಬ್ಬಿಕೊಂಡು ನಿಲ್ಲುತ್ತದೆ. ಅದನ್ನು ಅಮುಕಿ ದುಂಡಗೆ ಮಾಡಲು ಹೋಗಬಾರದು. ಬೆರಳಿನ ತುಂಬ ಹಾಲು ಬಳಿದುಕೊಂಡರೆ ಮಣಿ ಚಪ್ಪಟೆಯಾಗುತ್ತದೆ, ಒಣಗಿದ ಮೇಲೆ ಕಮಟು ವಾಸನೆ ಬಂದು ಇರುವೆಯೂ ಮುತ್ತುತ್ತದೆ. ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚಿದ ಕೈಯನ್ನಂತೂ ಸೀಗೆಪುಡಿಯಲ್ಲಿ ತೊಳೆಯದೆ ಇದಕ್ಕೆ ಇಡಬೇಡಿ, ಜಿಡ್ಡು ಬೆರಳಿಗೆ ಹೊಸೆತ ನಿಲ್ಲುವುದಿಲ್ಲ.

ಹೊಸೆದ ಹಾರವನ್ನು ಒಂದು ರಾತ್ರಿ ಮೊರದಲ್ಲಿ ಆರಲು ಬಿಟ್ಟು, ಮರುದಿನ ಕುಂಕುಮವನ್ನು ಗಟ್ಟಿಯಾಗಿ ಕಲಸಿ ಕಡ್ಡಿಯ ತುದಿಯಿಂದ ಹೊಸೆತದ ಮೇಲೆ ಇಡಿ, ಒಂದು ಬಿಟ್ಟು ಒಂದಕ್ಕೆ ಅರಿಸಿನ. ಸಜ್ಜದ ಕೆಳಗೆ ಮೊಳೆಗೆ ಕಟ್ಟಿ ಇಳಿಬಿಡಿ, ಮಂಜು ನೇರವಾಗಿ ಬೀಳಬಾರದು, ಹೊಸಿಲ ದೀಪದ ಹತ್ತಿರವಂತೂ ಸುಳಿಯಲೇಬಾರದು. ಗಾಳಿಗೆ ಹಾರಗಳು ಒಂದಕ್ಕೊಂದು ಸುತ್ತಿಕೊಳ್ಳದಂತೆ ಪ್ರತಿಯೊಂದರ ತುದಿಗೂ ಒಂದು ಗೋಟಡಿಕೆಯನ್ನು ಬಣ್ಣದ ಕಾಗದದಲ್ಲಿ ಸುತ್ತಿ ಕಟ್ಟಿ.