ದತ್ತು ತರುವ ಮೊದಲು ಮದುವೆ ಕಾಗದ ಹುಡುಕಿ

"ಹೊರದೇಶದ ಅನಾಥಾಲಯದಿಂದ ಮಗು ತರಬಹುದಾ?" ಅಂತ ನನ್ನ ಹೊಲಿಗೆ ಅಂಗಡಿಗೆ ಬರುವವರು ಆಗಾಗ ಕೇಳುತ್ತಾರೆ. ನಮ್ಮ ಕೂಸು ಒಡಿಶಾದಿಂದ ಶಿರಸಿಗೆ ಬಂದದ್ದು. ಹಾಗಾಗಿ ನನಗೆ ಎಲ್ಲ ಗೊತ್ತು ಅಂತ ಅವರ ಲೆಕ್ಕ. ತರಬಹುದು. ಆದರೆ ದತ್ತಿನ ಕೆಲಸ ಆ ದೇಶದ ಕಾನೂನಿನ ಪ್ರಕಾರ ಅಲ್ಲೇ ಮುಗಿಯಬೇಕು. ಅದು ದೇಶ ದೇಶಗಳ ನಡುವಿನ ದತ್ತಿಗೆ ಇರುವ 'ಹೇಗ್' ಒಪ್ಪಂದಕ್ಕೆ ಸೇರಿದ ದೇಶವಾದರೆ, ದತ್ತಿನ ಕೆಲಸ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ, ದಿಲ್ಲಿಯ ಕಾರಾದ (CARA) ಒಪ್ಪಿಗೆ ಬೇಕು. ಮಗು ಅಲ್ಲಿನ ಪಾಸ್‌ಪೋರ್ಟ್ ಹಿಡಿದು ಬರುವುದಾದರೆ ವೀಸಾನೂ ಬೇಕು. ನಾವು ಆ ಗೋಜಿಗೆ ಹೋಗಲಿಲ್ಲ. ನನಗೆ ಗೊತ್ತಿರುವುದು ದೇಶದೊಳಗಿನ ದಾರಿ.

ಮೊದಲು ಒಂದು ಮಾತು. "ನರ್ಸಿಂಗ್ ಹೋಂನಲ್ಲಿ ಒಂದು ಶಿಶು ಇದೆ, ಇಷ್ಟು ಕೊಟ್ಟರೆ ಸಾಕು" ಅಂತ ಯಾರಾದರೂ ಪಿಸುಗುಟ್ಟಿದರೆ ಎದ್ದು ಬನ್ನಿ. ನಮಗೂ ಒಬ್ಬ ಹೇಳಿದ್ದ. ಮಗು ಮಾರುವುದು, ಕೊಳ್ಳುವುದು ಎರಡಕ್ಕೂ 5 ವರ್ಷದ ತನಕ ಜೈಲು, 1 ಲಕ್ಷ ದಂಡ.

ಅರ್ಜಿ ಹಾಕುವುದು ಕಾರಾದ ಆನ್‌ಲೈನ್ ಪೋರ್ಟಲ್‌ನಲ್ಲಿ. ಪಾನ್ ಕಾರ್ಡ್, ವಯಸ್ಸಿನ ದಾಖಲೆ, ವಿಳಾಸ, ಆದಾಯ, ಡಾಕ್ಟರ್ ಸರ್ಟಿಫಿಕೇಟ್ ಇವೆಲ್ಲ ಹೇಗೋ ಹೊಂದುತ್ತವೆ. ನಾವು ಸಿಕ್ಕಿಬಿದ್ದದ್ದು ಮದುವೆ ಸರ್ಟಿಫಿಕೇಟಿಗೆ. ನಮ್ಮದು ಮನೆಯಂಗಳದ ಚಪ್ಪರದಲ್ಲಿ ಆದ ಮದುವೆ. ಆಲ್ಬಂ ಇತ್ತು, ನೋಂದಣಿ ಆಗಿರಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕರೆಯೋಲೆ ತನ್ನಿ ಅಂದರು. ಕೊನೆಗೆ ಅತ್ತೆಯ ಟ್ರಂಕಿನ ತಳದಲ್ಲಿ ಒಂದು ಸಿಕ್ಕಿತು, ಮೂಲೆಯನ್ನು ಜಿರಲೆ ತಿಂದಿತ್ತು. ನಿಮ್ಮದು ನೋಂದಣಿ ಆಗಿಲ್ಲವಾದರೆ ಈ ವಾರವೇ ಮಾಡಿಸಿ.

ವಯಸ್ಸಿನ ಲೆಕ್ಕವನ್ನೂ ನೋಡಿಕೊಳ್ಳಿ. 2022ರ ನಿಯಮದಂತೆ ಎರಡು ವರ್ಷದೊಳಗಿನ ಮಗುವಿಗೆ ಗಂಡ ಹೆಂಡತಿಯ ವಯಸ್ಸು ಕೂಡಿಸಿ 85 ದಾಟಬಾರದು. ಎರಡರಿಂದ ನಾಲ್ಕು ವರ್ಷದ ಮಗುವಿಗೆ 90. ಮದುವೆಯಾಗಿ ಎರಡು ವರ್ಷ ಆಗಿರಬೇಕು. ಒಂಟಿ ಗಂಡಸಿಗೆ ಹೆಣ್ಣು ಮಗು ಕೊಡುವುದಿಲ್ಲ.

ಆಮೇಲೆ ಮನೆ ಭೇಟಿ. ಇದಕ್ಕೆ 6,000 ರೂಪಾಯಿ. ನಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ಇರುವುದು ಕಾರವಾರದಲ್ಲಿ. ದೇವಿಮನೆ ಘಟ್ಟ ಹತ್ತಿ ಅವರು ಬರುವ ದಿನ ನಾನು ಮನೆ ತಿಕ್ಕಿ ತೊಳೆದು ಸುಸ್ತಾಗಿದ್ದೆ. ಬಂದ ಮೇಡಂ ಅದನ್ನು ನೋಡಲೇ ಇಲ್ಲ. ಹಿತ್ತಿಲಿಗೆ ಹೋಗಿ ಬಾವಿಯ ಕಟ್ಟೆ ಮುಟ್ಟಿ, "ಇದು ಮಗುವಿನ ಎತ್ತರಕ್ಕೇ ಇದೆಯಲ್ಲ" ಅಂದರು. ಮರುದಿನವೇ ಗ್ರಿಲ್ ಹಾಕಿಸಿದೆವು. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿಸುತ್ತಾರೆ. ಸಾಲ ಇದ್ದರೆ ಇದೆ ಅನ್ನಿ. ನಾನು ಹೊಲಿಗೆ ಮಷಿನ್ ಸಾಲ ಹೇಳಿದೆ, ಏನೂ ತೊಂದರೆ ಆಗಲಿಲ್ಲ.

ಇನ್ನು ಕಾಯುವುದು. ನಾವು ಮೂರು ವರ್ಷದ ಹತ್ತಿರ ಕಾದೆವು. ಮಗು ಗೊತ್ತುಪಡಿಸಿದ ಮೆಸೇಜ್ ಬಂದರೆ 48 ತಾಸಿನೊಳಗೆ ಒಪ್ಪಿಗೆ ಹಾಕಬೇಕು. ನಮಗೆ ಬಂದದ್ದು ಅಕ್ಟೋಬರ್‌ನಲ್ಲಿ. ಗುಡುಗು ಮಳೆಗೆ ಕರೆಂಟ್ ಹೋಗಿ ಎರಡು ದಿನ, ಮೊಬೈಲ್ ಸತ್ತು ಬಿದ್ದಿತ್ತು. ಇವರು ಪೇಟೆಯಲ್ಲಿ ಚಾರ್ಜ್ ಹಾಕಿ ನೋಡಿದಾಗ ಆಗಲೇ ಹನ್ನೊಂದು ತಾಸು ಕಳೆದಿತ್ತು! ಊರಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವ ಹಾಗಿಲ್ಲ, ಅಲ್ವಾ? ಪೇಟೆಯಲ್ಲಿರುವ ನಂಟರೊಬ್ಬರಿಗೆ ಪೋರ್ಟಲ್ ದಿನಾ ನೋಡಲು ಹೇಳಿಡಿ. ಮಗುವಿನ ವೈದ್ಯಕೀಯ ವರದಿಯನ್ನು ಮಕ್ಕಳ ಡಾಕ್ಟರಿಗೆ ತೋರಿಸಿ. ನಮ್ಮ ಕೂಸಿಗೆ ರಕ್ತ ಕಡಿಮೆ ಇತ್ತು, ಅಷ್ಟೇ. ದತ್ತು ಸಂಸ್ಥೆಗೆ 50,000 ಕಟ್ಟಬೇಕು, ರಸೀದಿ ಕೊಡುತ್ತಾರೆ. ದತ್ತು ಆದೇಶ ಈಗ ಕೋರ್ಟಿನದಲ್ಲ, ಜಿಲ್ಲಾಧಿಕಾರಿಯದು.

ಕರೆತರುವಾಗ ಆಯಾ ಹತ್ತಿರ ಕೂತು ಕೇಳಿ: ಎಷ್ಟೊತ್ತಿಗೆ ಉಣ್ಣುತ್ತೆ, ಹೇಗೆ ಮಲಗುತ್ತೆ, ಯಾವುದಕ್ಕೆ ಹೆದರುತ್ತೆ. ಅದು ಹೊದೆಯುವ ಬಟ್ಟೆ ಕೇಳಿ ಪಡೆಯಿರಿ. ತೊಳೆಯಬೇಡಿ. ಆ ವಾಸನೆ ಇದ್ದರೇ ನಮ್ಮ ಮೂರು ವರ್ಷದ ಕೂಸಿಗೆ ನಿದ್ದೆ. ಒಡಿಯಾದ ಹತ್ತಿಪ್ಪತ್ತು ಮಾತು ಬರೆದುಕೊಂಡು ಬರಬೇಕಿತ್ತು, ನಾನು ಬರೆದುಕೊಳ್ಳಲಿಲ್ಲ. ಮೊದಲ ರಾತ್ರಿ ಕೂಸು "ಭಾತ, ಭಾತ" ಅಂತ ಅತ್ತಿತು. ಅತ್ತೆ ಗಡಿಬಿಡಿಯಲ್ಲಿ ಟೊಮೆಟೊ ಬಾತ್ ಮಾಡಿದರು. ಕೂಸು ಖಾರಕ್ಕೆ ಇನ್ನೂ ಜೋರಾಗಿ ಅತ್ತಿತು. ಭಾತ ಅಂದರೆ ಅವರಲ್ಲಿ ಬರೀ ಅನ್ನ. ಅನ್ನಕ್ಕೆ ಮಜ್ಜಿಗೆ ಹಾಕಿ ಕೊಟ್ಟರೆ ತಟ್ಟೆ ನೆಕ್ಕಿ ಮಲಗಿತು. ಮೊದಲ ತಿಂಗಳು ನಂಟರನ್ನು ಕರೆಯಬೇಡಿ, ಬೇಜಾರಾದರೆ ಆಗಲಿ.

ಎರಡು ವರ್ಷ, ಆರು ತಿಂಗಳಿಗೊಮ್ಮೆ ವಿಚಾರಿಸಲು ಬರುತ್ತಾರೆ. ಏಪ್ರಿಲ್‌ನಲ್ಲಿ ಅದೇ ಮೇಡಂ ಬಂದಾಗ ಬಾವಿಯ ಗ್ರಿಲ್ ಮೇಲೆ ಅತ್ತೆ ಹಲಸಿನ ಹಪ್ಪಳ ಒಣಗಿಸಿದ್ದರು. ಕಾವಲಿಗೆ ಕೂತ ಕೂಸು ಅರ್ಧ ತಿಂದು ಮುಗಿಸಿತ್ತು.