ಸಹಪಾಠಿಗಳ ಕಾಟಕ್ಕೆ ಸಿಕ್ಕ ಮಗುವನ್ನು ನಾನು ಗುರುತಿಸಿದ ಬಗೆ

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ಸಹಪಾಠಿಗಳಿಂದ ಕಾಟಕ್ಕೊಳಗಾದ ಮಗು ಬಾಯಿಬಿಟ್ಟು ಹೇಳುವ ಮೊದಲೇ ಅದರ ದಿನಚರಿ ಬದಲಾಗಿರುತ್ತದೆ ಎಂಬುದು ನನ್ನ ಅನುಭವ. ಆರನೇ ತರಗತಿಯ ಹುಡುಗನೊಬ್ಬ ಬಿಸಿಯೂಟದ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲತೊಡಗಿದ್ದ. ವಿರಾಮದಲ್ಲಿ ಶೌಚಾಲಯಕ್ಕೆ ಹೋಗದೆ, ಪಾಠ ಆರಂಭವಾದ ಮೇಲೆ ಅನುಮತಿ ಕೇಳುತ್ತಿದ್ದ. ಶಾಲೆ ಬಿಟ್ಟ ನಂತರವೂ ಚೀಲ ಜೋಡಿಸುವ ನೆಪದಲ್ಲಿ ಕೊಠಡಿಯಲ್ಲೇ ಉಳಿಯುತ್ತಿದ್ದ. ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಎನ್ನುತ್ತಾನೆಂದು ತಾಯಿ ತಿಳಿಸಿದರು. ಒಂದೊಂದಕ್ಕೂ ಬೇರೆ ಕಾರಣ ಇರಬಹುದಾದರೂ, ಶಿಕ್ಷಕರ ಕಣ್ಣಿಲ್ಲದ ಜಾಗ ಮತ್ತು ಹೊತ್ತನ್ನೇ ಅವನು ತಪ್ಪಿಸುತ್ತಿದ್ದಾನೆಂಬುದು ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದಾಗ ಸ್ಪಷ್ಟವಾಯಿತು.

ತರಗತಿಯ ಎದುರು ನಾನು ಏನನ್ನೂ ಕೇಳಲಿಲ್ಲ. ನೋಟ್‌ಬುಕ್‌ಗಳನ್ನು ತಂದುಕೊಡಲು ಅವನನ್ನು ಕರೆದು, "ಊಟವಾದ ಮೇಲೆ ಎಲ್ಲಿರ್ತೀಯಪ್ಪಾ, ಯಾರ ಜೊತೆ ಆಡ್ತೀಯ?" ಎಂದಷ್ಟೇ ವಿಚಾರಿಸುತ್ತಿದ್ದೆ. ಕೆಲವು ದಿನಗಳ ನಂತರ, ತಾನು ಉಗ್ಗುವುದನ್ನು ದೊಡ್ಡ ಹುಡುಗರು ಅಣಕಿಸುತ್ತಾರೆಂದೂ ಪೆನ್ನು, ಪೆನ್ಸಿಲ್ ಕಿತ್ತುಕೊಳ್ಳುತ್ತಾರೆಂದೂ ಹೇಳಿ, "ಯಾರಿಗೂ ಹೇಳ್ಬೇಡಿ ಮಿಸ್" ಎಂದ. ಆ ಮಾತು ಕೊಡಲು ನನ್ನಿಂದ ಸಾಧ್ಯವಿರಲಿಲ್ಲ. ಅವನ ತಪ್ಪು ಏನೂ ಇಲ್ಲವೆಂದು ತಿಳಿಸಿ, ಮುಖ್ಯ ಶಿಕ್ಷಕರಿಗೂ ತಂದೆತಾಯಿಗೂ ಮಾತ್ರ ಹೇಳುವೆನೆಂದು ಮೊದಲೇ ವಿವರಿಸಿದೆ.

ಇಂಥ ಸಂದರ್ಭದಲ್ಲಿ ಕಾಟ ಕೊಟ್ಟವನನ್ನೂ ಕಾಟಕ್ಕೊಳಗಾದವನನ್ನೂ ಎದುರುಬದುರು ನಿಲ್ಲಿಸಿ ಕೈಕುಲುಕಿಸುವುದು ನಮ್ಮ ಶಾಲೆಗಳ ರೂಢಿ. ಇದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಸಹಪಾಠಿಗಳ ಕಾಟದ ಅಧ್ಯಯನಕ್ಕೆ ಬುನಾದಿ ಹಾಕಿದ ಮನೋವಿಜ್ಞಾನಿ ಡಾನ್ ಓಲ್ವಿಯಸ್, ಅದರಲ್ಲಿ ನೋಯಿಸುವ ಉದ್ದೇಶ, ಪುನರಾವರ್ತನೆ ಮತ್ತು ಬಲದ ಅಸಮತೋಲನ ಎಂಬ ಮೂರು ಲಕ್ಷಣಗಳನ್ನು ಗುರುತಿಸಿದರು. ಸಮಬಲರ ಜಗಳಕ್ಕೆ ಒಪ್ಪುವ ರಾಜಿ ಇಲ್ಲಿ ಬಲವಿಲ್ಲದವನ ಬಾಯಿ ಮುಚ್ಚಿಸುತ್ತದೆ. ಆದ್ದರಿಂದ ಆ ಹುಡುಗರನ್ನು ಒಬ್ಬೊಬ್ಬರಾಗಿಯೇ ಕರೆದು, ಅವರ ಪೋಷಕರೊಂದಿಗೂ ಪ್ರತ್ಯೇಕವಾಗಿ ಮಾತನಾಡಿದೆವು. "ನಾಲ್ಕು ಬಾರಿಸಿ ಮೇಡಂ, ಸರಿಹೋಗ್ತಾನೆ" ಎಂದು ಒಬ್ಬ ತಂದೆ ಹೇಳಿದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ; ಅದಕ್ಕಿಂತ ಹೆಚ್ಚಾಗಿ, ದೊಡ್ಡವರು ಚಿಕ್ಕವರನ್ನು ಹೊಡೆಯಬಹುದೆಂಬ ಪಾಠವನ್ನು ಆ ಮಕ್ಕಳು ನಮ್ಮಿಂದಲೇ ಕಲಿಯುವುದು ನನಗೆ ಬೇಡವಾಗಿತ್ತು.

ಊಟದ ವಿರಾಮದಲ್ಲಿ ಶೌಚಾಲಯದ ಬಳಿ ಒಬ್ಬ ಶಿಕ್ಷಕರು ಇರುವಂತೆ ವ್ಯವಸ್ಥೆ ಮಾಡಿದೆವು. ನಡೆದುದನ್ನು ದಿನಾಂಕದೊಡನೆ ಬರೆದಿಟ್ಟೆ. ಎಲ್ಲಕ್ಕಿಂತ ಹೆಚ್ಚು ನೆರವಾದವರು ಅವನ ಪಕ್ಕದಲ್ಲಿ ಕೂರುತ್ತಿದ್ದ ಇಬ್ಬರು ಗೆಳೆಯರು: ಎದುರಿಸಿ ಜಗಳವಾಡಬೇಕಿಲ್ಲ, ಜೊತೆಗಿದ್ದು ಅವನನ್ನು ಅಲ್ಲಿಂದ ಕರೆದುಕೊಂಡು ಬಂದರೆ ಸಾಕು ಎಂದು ಹೇಳಿದ್ದನ್ನು ಅವರು ಅಕ್ಷರಶಃ ಪಾಲಿಸಿದರು. ಮಕ್ಕಳ ಸಹಾಯವಾಣಿ 1098 ಮತ್ತು ಮಾನಸಿಕ ಆರೋಗ್ಯಕ್ಕಾಗಿರುವ ಟೆಲಿ ಮಾನಸ್‌ನ 14416 ಸಂಖ್ಯೆಗಳನ್ನು ತಾಯಿಗೆ ಬರೆದುಕೊಟ್ಟೆ.

ವರ್ಷ ಮುಗಿಯುವವರೆಗೂ ಅವನನ್ನು ಆಗಾಗ ವಿಚಾರಿಸುತ್ತಲೇ ಇದ್ದೆ, ಏಕೆಂದರೆ ಶಾಲೆಯೊಳಗೆ ನಿಂತ ಕಾಟ ಮನೆಯ ಹಾದಿಯಲ್ಲೋ ಮೊಬೈಲ್‌ನ ವಾಟ್ಸ್‌ಆ್ಯಪ್ ಗುಂಪಿನಲ್ಲೋ ಮುಂದುವರಿಯುವುದುಂಟು.